ಊಟ ಬಿಟ್ಟರೂ ಸೂಜಿ ಬಿಡಬೇಡ

ಟೊರಾಂಟೊ
ಭಾನುವಾರ ರಾತ್ರಿ

ಅಮ್ಮಾ, ನಮಸ್ಕಾರ.

ಪುಟ್ಟ ಆಸ್ಪತ್ರೆಯಿಂದ ಮನೆಗೆ ಬಂದ ಎಂದು ಅಣ್ಣ ಹೇಳಿದ ಮೇಲೆ ನನಗೆ ನಿದ್ದೆ ಬಂತು. ಫೋನಿನಲ್ಲಿ ನೀನು ಅಳುತ್ತಲೇ ಇದ್ದೆ, ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಜ್ವರ, ಎರಡು ದಿನದಿಂದ ಹೊಟ್ಟೆಗೆ ಏನೂ ಇಲ್ಲ, ಇನ್ನು ಇನ್ಸುಲಿನ್ ಕೊಟ್ಟರೆ ಶುಗರ್ ಇಳಿದು ಮಗು ಬಿದ್ದರೆ?" ಎಂದು ನೀನು ಸೂಜಿ ನಿಲ್ಲಿಸಿದೆ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅಪ್ಪನ ಶುಗರ್ ಮಾತ್ರೆ ನೋಡಿ ಕಲಿತವರು ನಾವು. ಪುಟ್ಟನದು ಬೇರೆ, ಟೈಪ್ 1. ಅವನ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಇಲ್ಲ ಅಲ್ವಾ? ಜ್ವರ ಬಂದಾಗ ಊಟ ಮಾಡದಿದ್ದರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಇಲ್ಲದೆ ಆ ಸಕ್ಕರೆ ಮೈಗೆ ಹತ್ತುವುದಿಲ್ಲ. ಆಗ ಮೈಯ ಕೊಬ್ಬು ಕರಗುತ್ತದೆ, ಅದರಿಂದ ಹುಟ್ಟುವ ಕೀಟೋನ್ ಎಂಬ ಹುಳಿ ಪದಾರ್ಥ ಜಾಸ್ತಿಯಾಗಿ ರಕ್ತ ಹುಳಿಯಾಗುತ್ತದೆ. ಹೊಟ್ಟೆನೋವು, ವಾಂತಿ, ಆ ಜೋರು ಉಸಿರು ಎಲ್ಲಾ ಅದರದ್ದೇ. "ಬಾಯಲ್ಲಿ ಕಳಿತ ಹಣ್ಣಿನ ವಾಸನೆ" ಎಂದೆಯಲ್ಲ, ಅದೇ ಕೀಟೋನ್. ಮೊದಲು ಗುರುತಿಸಿದವಳು ನೀನೇ ಅಮ್ಮಾ. ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದು ನೆನೆದರೆ ಈಗಲೂ ಕೋಪ ಬರುತ್ತದೆ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಟೊರಾಂಟೊ ಜನರಲ್ ಆಸ್ಪತ್ರೆ ಸಿಗುತ್ತದೆ. 1922ರ ಜನವರಿಯಲ್ಲಿ, ಇದೇ ಕಾಯಿಲೆಯಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊಟ್ಟಮೊದಲು ಇನ್ಸುಲಿನ್ ಕೊಟ್ಟಿದ್ದು ಅಲ್ಲೇ. 11ನೇ ತಾರೀಖಿನ ಮೊದಲ ಸೂಜಿ ಅಷ್ಟಾಗಿ ಹಿಡಿಯಲಿಲ್ಲ. ಔಷಧಿಯನ್ನು ಇನ್ನಷ್ಟು ಶುದ್ಧ ಮಾಡಿ 23ರಂದು ಮತ್ತೆ ಕೊಟ್ಟರು. ಸಕ್ಕರೆ ಇಳಿಯಿತು, ಮೂತ್ರದಲ್ಲಿದ್ದ ಕೀಟೋನೂ ಹೋಯಿತು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ದಿನ ದೂಡುತ್ತಿದ್ದರು, ಅಷ್ಟೇ. ಆ ಹುಡುಗ ಮುಂದೆ 13 ವರ್ಷ ಬದುಕಿದ. ಮೊನ್ನೆ ಅಲ್ಲಿ ನಿಂತಾಗ ನಮ್ಮ ಪುಟ್ಟನೇ ಕಣ್ಣ ಮುಂದೆ ಬಂದ.

ಇನ್ನು ಮುಂದೆ ಜ್ವರ ಬಂದರೂ ಸೂಜಿ ನಿಲ್ಲಿಸಬೇಡ. ಎಷ್ಟು ಯೂನಿಟ್ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ರಾತ್ರಿಯೂ ಎಬ್ಬಿಸಿ, ಮೂರು ಗಂಟೆಗೊಮ್ಮೆ ಶುಗರ್ ನೋಡಿ. 250 ದಾಟಿದರೆ ಕೀಟೋನ್ ಸ್ಟ್ರಿಪ್ಪನ್ನು ಮೂತ್ರಕ್ಕೆ ಅದ್ದಿ ನೋಡಿ. ಅಣ್ಣ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ತಂದಿಟ್ಟಿರಲಿ. ನೀರು ಗುಟುಕು ಗುಟುಕಾಗಿ ಕುಡಿಸು. ನಿನ್ನ ಭಯದಂತೆ ಶುಗರ್ ಇಳಿದಿದ್ದರೆ ಸಕ್ಕರೆ ನೀರು ಕೊಟ್ಟು ಡಾಕ್ಟರನ್ನು ಕೇಳು. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ ಬೆಳಗಾಗಲಿ ಎಂದು ಕಾಯಬೇಡಿ. ದೊಡ್ಡಾಸ್ಪತ್ರೆಗೆ ಹೋಗಿ, ಒಳಗೆ ಕಾಲಿಟ್ಟ ಕೂಡಲೇ "ಟೈಪ್ 1, ಕೀಟೋನ್ ನೋಡಿ" ಎನ್ನಿ. ಡ್ರಿಪ್, ಇನ್ಸುಲಿನ್, ಪೊಟ್ಯಾಸಿಯಂ ಎಲ್ಲವನ್ನೂ ಅಳೆದು ಅಳೆದು ಕೊಡಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ಇನ್ಸುಲಿನ್ ಬಿಡಿಸುವ ಕಷಾಯ ಇದೆ ಎಂದು ಯಾರೇ ಹೇಳಲಿ, ಕೈಮುಗಿದು ಬೇಡ ಎನ್ನು.

ನನ್ನಿಂದ ಆಯ್ತು ಎಂದು ಸುಮ್ನೆ ಕೊರಗಬೇಡ. ಆ ರಾತ್ರಿಯೆಲ್ಲಾ ಅವನ ಪಕ್ಕ ಕೂತಿದ್ದವಳು ನೀನು. ಕಾಗದವನ್ನು ಅತ್ತಿಗೆಗೂ ಓದಿ ಹೇಳು. ಶನಿವಾರ ಫೋನ್ ಮಾಡುತ್ತೇನೆ, ಪುಟ್ಟನ ಕೈಗೆ ಕೊಡು.

ನಿನ್ನ ಮಗಳು