ಔಷಧಿ ಆಮೇಲೆ, ಮೊದಲು ನೀರು ನೋಡು

ಚಿರಂಜೀವಿ ಪುಟ್ಟುವಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ತುಂಬ ಗಾಬರಿಯಲ್ಲಿ ಬರೆದಿದ್ದೀಯ. ಬೆಟ್ಟಾ ಮೀನು ತಳ ಹಿಡಿದು ಮಲಗಿದೆ, ಬಾಲದ ಅಂಚು ಹರಿದ ಹಾಗಿದೆ, ಕಾಳನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತಿದೆ, ಯಾವ ಔಷಧಿ ತರಲಿ ಎಂದು ಕೇಳಿದ್ದೀಯ. ಔಷಧಿ ಏನೂ ತರಬೇಡ. ಇವತ್ತು ಮೊದಲು ತರಬೇಕಾದ್ದು ಎರಡು: ನೀರಿನ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ಅಳೆಯುವ ಟೆಸ್ಟ್ ಕಿಟ್ ಒಂದು, ಥರ್ಮಾಮೀಟರ್ ಒಂದು. ನೀನು ಮೀನಿನ ಬಗ್ಗೆ ಕೇಳಿರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ನೀರಿನ ಪ್ರಶ್ನೆಗಳು ಕಣೋ. ನೀರು ಸರಿಹೋದರೆ ಮೀನು ಬಹುಪಾಲು ತಾನೇ ಸುಧಾರಿಸಿಕೊಳ್ಳುತ್ತದೆ. ಕೆಟ್ಟ ನೀರಿನಲ್ಲಿ ಯಾವ ಔಷಧಿ ಹಾಕಿದರೂ ಅದಕ್ಕೆ ಇನ್ನೊಂದು ಹೊರೆ ಅಷ್ಟೆ.

ಮೂರು ಲೀಟರಿನ ಗಾಜಿನ ಬಟ್ಟಲಿನಲ್ಲಿ ಇಟ್ಟಿದ್ದೀಯ. "ಬೆಟ್ಟಾ ಗಾಳಿ ಉಸಿರಾಡುತ್ತದೆ, ಫಿಲ್ಟರ್ ಬೇಡ, ಜಾಗ ಬೇಡ" ಎಂದು ಮಾರಿದವರು ಹೇಳಿದರಂತೆ. ಅರ್ಧ ಮಾತು ನಿಜ. ಬೆಟ್ಟಾದ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಲ್ಯಾಬಿರಿಂತ್ ಎಂಬ ಮಡಿಕೆ ಮಡಿಕೆಯಾದ ಅಂಗವಿದೆ. ಆಗಾಗ ನೀರಿನ ಮೇಲಕ್ಕೆ ಬಂದು, ಬಾಯಿ ತೆರೆದು ಒಂದು ಗುಟುಕು ಗಾಳಿ ಎಳೆದುಕೊಂಡು ಕೆಳಗಿಳಿಯುವುದನ್ನು ನೀನೂ ನೋಡಿರುತ್ತೀಯ. ಅದರ ಮೂಲ ನೆಲೆ ಥಾಯ್ಲೆಂಡ್ ಮತ್ತು ಆಸುಪಾಸಿನ ಭತ್ತದ ಗದ್ದೆಗಳು, ಜೌಗು ನೆಲ, ನಿಧಾನ ಹರಿಯುವ ಕಾಲುವೆಗಳು. ಅಲ್ಲಿನ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಈ ಏರ್ಪಾಡು. ಆದರೆ ಗದ್ದೆಯ ನೀರು ಒಂದು ಗೇಣು ಆಳವಿದ್ದರೂ ಎಕರೆಗಟ್ಟಲೆ ಹರಡಿರುತ್ತದೆ. ಮೀನು ಬಿಟ್ಟ ಕೊಳೆ ಅಷ್ಟು ನೀರಿನಲ್ಲಿ, ಅಷ್ಟು ಗಿಡಗಳ ಮಧ್ಯೆ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ನಿನ್ನ ಬಟ್ಟಲಿನಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ.

ಇದನ್ನು ಸರಿಯಾಗಿ ತಿಳಿದುಕೋ, ಮಿಕ್ಕಿದ್ದೆಲ್ಲ ಸುಲಭ. ಮೀನಿನ ಮೈಯಿಂದ ಅಮೋನಿಯಾ ಹೆಚ್ಚಾಗಿ ಹೊರಬೀಳುವುದು ಕಿವಿರಿನ ಮೂಲಕ. ಹಾಗಾಗಿ ಹಿಕ್ಕೆ ಕಾಣದಿದ್ದರೂ, ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ. ಉಳಿದ ಕಾಳು ಕೊಳೆತರೆ ಇನ್ನಷ್ಟು. ಅದು ಕಿವಿರನ್ನೇ ಸುಡುತ್ತದೆ. ನೀರು ಬಿಸಿಯಾದಷ್ಟೂ, ಪಿಎಚ್ ಏರಿದಷ್ಟೂ ಅದರ ವಿಷ ಜಾಸ್ತಿ. ಹಳೆಯ ಟ್ಯಾಂಕಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ರಕ್ತ ಆಮ್ಲಜನಕ ಹೊರದಂತೆ ಮಾಡಿಬಿಡುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹಿಡಿತದಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡು ಇರುವಂಥವಲ್ಲ. ಫಿಲ್ಟರಿನ ಸ್ಪಾಂಜು, ತಳದ ಜಲ್ಲಿ, ಗಿಡದ ಎಲೆ ಹೀಗೆ ಎಲ್ಲಿ ಮೇಲ್ಮೈ ಸಿಕ್ಕರೆ ಅಲ್ಲಿ ಅಂಟಿಕೊಂಡು ಬೆಳೆಯುತ್ತವೆ. ಪೂರ್ತಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀನು ದಿನಾ ಬಟ್ಟಲನ್ನೂ ಜಲ್ಲಿಯನ್ನೂ ಉಜ್ಜಿ ತೊಳೆದು ಪೂರ್ತಿ ಹೊಸ ನೀರು ತುಂಬುತ್ತಿದ್ದೇನೆ ಎಂದು ಬರೆದಿದ್ದೀಯಲ್ಲ, ಅದು ಶ್ರದ್ಧೆಯೇ, ಆದರೆ ಆ ಬ್ಯಾಕ್ಟೀರಿಯಾಗಳಿಗೆ ನೆಲೆ ನಿಲ್ಲಲು ಬಿಡುತ್ತಿಲ್ಲ. ಜೊತೆಗೆ ದಿನಕ್ಕೊಂದು ಸಲ ಮೀನಿಗೆ ಬೇರೆ ಉಷ್ಣಾಂಶದ, ಬೇರೆ ಪಿಎಚ್‌ನ ನೀರು. ಅದು ತಳ ಹಿಡಿದು ಮಲಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಮಾಡಬೇಕಾದ್ದು ಹೇಳುತ್ತೇನೆ. 20 ಲೀಟರಿನ ಟ್ಯಾಂಕ್ ತಾ. ಜಾಗವೇ ಇಲ್ಲ ಎಂದರೆ 10 ಲೀಟರ್, ಅದಕ್ಕಿಂತ ಕೆಳಗೆ ಇಳಿಯಬೇಡ. ಎತ್ತರದ್ದಕ್ಕಿಂತ ಅಗಲವಾದದ್ದು ಒಳ್ಳೆಯದು, ಉದ್ದ ರೆಕ್ಕೆ ಹೊತ್ತು ಮೇಲೆ ಕೆಳಗೆ ಓಡಾಡುವುದು ಅದಕ್ಕೆ ಆಯಾಸ. ಫಿಲ್ಟರ್ ಸ್ಪಾಂಜಿನದಿರಲಿ, ಗುಳ್ಳೆ ಮೆಲ್ಲಗೆ ಬರಲಿ. ಜೋರು ಹರಿವಿದ್ದರೆ ಮೀನು ಇಡೀ ದಿನ ಈಜಿ ಈಜಿ ಸೋತುಹೋಗುತ್ತದೆ. ಬಟ್ಟಲಿನಿಂದ ಹೊಸ ಟ್ಯಾಂಕಿಗೆ ಒಮ್ಮೆಲೇ ಸುರಿಯಬೇಡ. ಮೀನಿರುವ ನೀರಿಗೆ ಹೊಸ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಅರ್ಧ ಗಂಟೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಮೆಲ್ಲಗೆ ದಾಟಿಸು.

ಮೀನು ಒಳಗಿರುವಾಗಲೇ ಟ್ಯಾಂಕ್ ಪಳಗಬೇಕಾಗಿದೆ, ಅಂದರೆ ಆ ಬ್ಯಾಕ್ಟೀರಿಯಾಗಳು ನೆಲೆಯೂರಬೇಕಾಗಿದೆ, ಆದ್ದರಿಂದ ಮೊದಲ ಕೆಲವು ವಾರ ದಿನವೂ ಪರೀಕ್ಷೆ ಮಾಡು. ಅಮೋನಿಯಾ ಆಗಲಿ ನೈಟ್ರೈಟ್ ಆಗಲಿ 0.25 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ ಎಂದುಕೋ) ತೋರಿಸಿದ ದಿನ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಿಸು. ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತು, ನೈಟ್ರೇಟ್ ಕಾಣಿಸಿಕೊಂಡಿತು ಎಂದರೆ ಟ್ಯಾಂಕ್ ಪಳಗಿತು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಕಾಲು ಭಾಗ ಸಾಕು, ನೈಟ್ರೇಟ್ 20 ಪಿಪಿಎಂ ದಾಟದಂತೆ ನೋಡಿಕೋ. ತಳದ ಕೊಳೆಯನ್ನು ಪೈಪಿನಿಂದ ಎಳೆದು ತೆಗೆ. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡ, ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ ಹಾಕು.

ಹಾಕುವ ಹೊಸ ನೀರಿನ ವಿಷಯ. ನಲ್ಲಿ ನೀರನ್ನು ರಾತ್ರಿ ಹಿಡಿದಿಟ್ಟು ಬೆಳಿಗ್ಗೆ ಹಾಕಿದರೆ ಸಾಕು ಎನ್ನುತ್ತಾರೆ. ಕ್ಲೋರಿನ್ ಮಾತ್ರ ಇದ್ದರೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ, ಸರಿ. ಆದರೆ ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮಿನ್ ಬೆರೆಸುತ್ತಾರೆ, ಅದು ಹಾಗೆ ಹಾರಿಹೋಗುವಂಥದ್ದಲ್ಲ. ಎರಡನ್ನೂ ತೆಗೆಯುವ ವಾಟರ್ ಕಂಡೀಷನರ್ ಎಂಬ ದ್ರವ ಸಿಗುತ್ತದೆ. ಬಾಟಲಿ ಮೇಲೆ ಬರೆದಷ್ಟೇ ಅಳತೆ, ಪ್ರತಿ ಸಲ, ಮರೆಯದೆ. ಶುದ್ಧೀಕರಣ ಯಂತ್ರದ ಕುಡಿಯುವ ನೀರನ್ನೇ ಹಾಕಲೇ ಎಂದಿದ್ದೀಯ. ಬರೀ ಅದನ್ನೇ ಹಾಕಬೇಡ, ಮೀನಿಗೆ ಬೇಕಾದ ಖನಿಜಗಳೂ ಅದರಲ್ಲಿ ಹೋಗಿರಬಹುದು. ಪಿಎಚ್ 6.5ರಿಂದ 7.5ರ ಒಳಗಿದ್ದರೆ ಚೆಂದ. ಸ್ವಲ್ಪ ಆಚೀಚೆ ಇದ್ದರೂ ಏರಿಸುವ ಇಳಿಸುವ ರಾಸಾಯನಿಕಗಳ ಗೋಜಿಗೆ ಹೋಗಬೇಡ, ದಿನದಿನಕ್ಕೆ ಬದಲಾಗದೆ ಒಂದೇ ಕಡೆ ನಿಂತಿರುವುದು ಮುಖ್ಯ. ಒಣಗಿದ ಕಾಡುಬಾದಾಮಿ ಎಲೆ ಒಂದನ್ನು ತೊಳೆದು ಹಾಕಬಹುದು. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡ, ಬೆಟ್ಟಾಕ್ಕೆ ಅಂಥ ನೀರು ಹಿತ.

ಇನ್ನು ಬೆಚ್ಚಗಿರುವ ಮಾತು. ಇದನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೆಟ್ಟಾಕ್ಕೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು, 26ರ ಆಸುಪಾಸು ಉತ್ತಮ. ಕೈಯದ್ದಿ ನೋಡಿದರೆ ಗೊತ್ತಾಗುವುದಿಲ್ಲ, ಥರ್ಮಾಮೀಟರೇ ಹೇಳಬೇಕು. ನೀರು ತಣ್ಣಗಾದರೆ ಮೀನು ಮಂಕಾಗುತ್ತದೆ, ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಬೆಳಿಗ್ಗೆ ಒಮ್ಮೆ, ನಡುರಾತ್ರಿಗೆ ಹತ್ತಿರ ಒಮ್ಮೆ ಅಳೆದು ನೋಡು. ಎರಡರ ನಡುವೆ ಹೆಚ್ಚು ಅಂತರವಿದ್ದರೆ, ಅಥವಾ 24ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಥರ್ಮೋಸ್ಟಾಟ್ (ಬಿಸಿಯನ್ನು ತಾನೇ ಒಂದೇ ಮಟ್ಟದಲ್ಲಿಡುವ ಸಾಧನ) ಇರುವ ಸಣ್ಣ ಹೀಟರ್ ಹಾಕಲೇಬೇಕು. ನೀರು ಬದಲಿಸುವಾಗ ಹೀಟರಿನ ಪ್ಲಗ್ ಮೊದಲು ಕಿತ್ತಿಡು, ನೀರಿನಿಂದ ಹೊರಗಿದ್ದಾಗ ಉರಿದರೆ ಗಾಜು ಒಡೆಯುತ್ತದೆ. ಟ್ಯಾಂಕನ್ನು ಕಿಟಕಿಯ ಬಿಸಿಲಿಗೆ ಇಟ್ಟು ಕಾಯಿಸುವ ಯೋಚನೆ ಬಿಡು.

ಆಹಾರಕ್ಕೆ ಬರೋಣ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಜೀವಿ, ನೀರಿಗೆ ಬಿದ್ದ ಕೀಟ, ಸೊಳ್ಳೆಮರಿ ಅದರ ಊಟ. ಅನ್ನ, ಬ್ರೆಡ್ಡು ಕೊಡಬೇಡ. ಬೆಟ್ಟಾಕ್ಕೆಂದೇ ಮಾಡಿದ ಸಣ್ಣ ಪೆಲೆಟ್ ತಂದು, ಅದರ ಪಟ್ಟಿಯಲ್ಲಿ ಮೊದಲ ಹೆಸರು ಮೀನು ಅಥವಾ ಸೀಗಡಿಯದಾಗಿದೆಯೇ ನೋಡಿಕೋ. ಬೆಳಿಗ್ಗೆ ಎರಡು ಮೂರು ಕಾಳು, ಸಂಜೆ ಎರಡು ಮೂರು ಕಾಳು. ಅಷ್ಟೇನಾ ಎನ್ನಬೇಡ, ಅದರ ಹೊಟ್ಟೆ ಅದರ ಕಣ್ಣಿನಷ್ಟೇ ಗಾತ್ರದ್ದೆಂದು ಲೆಕ್ಕ ಇಟ್ಟುಕೋ. ನೀನು ಹತ್ತಿರ ಹೋದಾಗಲೆಲ್ಲ ಗಾಜಿಗೆ ಬಂದು ಕುಣಿಯುತ್ತದೆ, ಹಸಿದಿದೆ ಅನ್ನಿಸುತ್ತದೆ, ಕರಗಬೇಡ. ವಾರಕ್ಕೆ ಒಂದೆರಡು ಸಲ ಶೀತಲೀಕರಿಸಿದ ಡಾಫ್ನಿಯಾ ಎಂಬ ಪುಟ್ಟ ನೀರುಜೀವಿಯನ್ನೋ ಬ್ಲಡ್‌ವರ್ಮ್ ಎಂಬ ಕೆಂಪು ಹುಳುವನ್ನೋ ಕರಗಿಸಿ ಕೊಡು. ವಾರದಲ್ಲಿ ಒಂದು ದಿನ ಉಪವಾಸ ಹಾಕಿದರೂ ತೊಂದರೆಯಿಲ್ಲ. ಜೀವಂತ ಟ್ಯೂಬಿಫೆಕ್ಸ್ ಹುಳು ಮಾತ್ರ ಬೇಡ, ಕೊಚ್ಚೆಯಲ್ಲಿ ಬೆಳೆದು ರೋಗ ಹೊತ್ತು ತರುತ್ತದೆ. ಕಾಳು ಉಗುಳುತ್ತಿದೆ ಎಂದೆಯಲ್ಲ, ಕಾಳು ದೊಡ್ಡದಿರಬಹುದು, ಅರ್ಧ ಮಾಡಿ ಹಾಕಿ ನೋಡು. ಎರಡು ನಿಮಿಷದಲ್ಲಿ ತಿನ್ನದ್ದನ್ನು ತೆಗೆದುಬಿಡು.

ಈಗ ಆ ಬಾಲ. ಸಣ್ಣ ಟಾರ್ಚ್ ಹಿಡಿದು ಪಕ್ಕದಿಂದ ನೋಡು. ಅಂಚು ನೇರವಾಗಿ ಸೀಳಿದಂತಿದ್ದು, ಬಣ್ಣ ಹಾಗೇ ಇದ್ದರೆ ಎಲ್ಲೋ ಸಿಕ್ಕಿ ಹರಿದದ್ದು. ನೀನು ಇಟ್ಟಿರುವ ಪ್ಲಾಸ್ಟಿಕ್ ಗಿಡದ ಮೇಲೆ ನನಗೆ ಅನುಮಾನ. ನವಿರಾದ ರೇಷ್ಮೆ ಬಟ್ಟೆಯನ್ನು ಅದರ ಮೇಲೆ ಎಳೆದು ನೋಡು, ದಾರ ಸಿಕ್ಕಿಕೊಂಡರೆ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆದು ಅನುಬಿಯಾಸ್ ಅಥವಾ ಜಾವಾ ಫರ್ನ್ ಇಡು, ಎರಡೂ ಮಂದ ಬೆಳಕಿನಲ್ಲೇ ಬದುಕುತ್ತವೆ, ಅಗಲ ಎಲೆಯ ಮೇಲೆ ಮೀನು ಮಲಗಿ ನಿದ್ದೆ ಮಾಡುತ್ತದೆ. ಬಾಲದಲ್ಲಿ ಕಚ್ಚಿ ತೆಗೆದ ಹಾಗೆ ಅರ್ಧಚಂದ್ರದ ತುಂಡು ಮಾಯವಾಗಿದ್ದರೆ ಅದೇ ಕಚ್ಚಿಕೊಂಡಿರಬಹುದು, ಉದ್ದ ಬಾಲದವು ಬೇಸರಕ್ಕೋ ಒತ್ತಡಕ್ಕೋ ಹಾಗೆ ಮಾಡುತ್ತವೆ. ಅಂಚು ಕಪ್ಪಾಗಿಯೋ ಬಿಳಿಯಾಗಿಯೋ ಕರಗುತ್ತಾ ದಿನದಿನಕ್ಕೆ ಒಳಗೆ ಸರಿಯುತ್ತಿದ್ದರೆ ಅದು ರೆಕ್ಕೆ ಕೊಳೆಯುವ ರೋಗ. ದಿನವೂ ಒಂದೇ ಕೋನದಿಂದ ಫೋಟೊ ತೆಗೆದಿಡು, ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಅದರಲ್ಲಿ ತಿಳಿಯುತ್ತದೆ. ಶುರುವಿನಲ್ಲೇ ಇದ್ದರೆ ಶುದ್ಧ ಬೆಚ್ಚಗಿನ ನೀರೇ ಸಾಕು. ವಾಸಿಯಾಗುವಾಗ ಅಂಚಿನಲ್ಲಿ ತೆಳ್ಳಗೆ, ಪಾರದರ್ಶಕವಾದ ಹೊಸ ಪೊರೆ ಬೆಳೆಯುತ್ತದೆ. ಅದು ಕಂಡ ದಿನ ನನಗೆ ತಿಳಿಸು.

ಟಾರ್ಚಿನಲ್ಲಿ ಮೈಮೇಲೆ ಚಿನ್ನದ ಪುಡಿ ಉದುರಿಸಿದ ಹಾಗೆ ಹೊಳೆದರೆ ಅದು ವೆಲ್ವೆಟ್ ಎಂಬ ಪರಾವಲಂಬಿ, ಬೇಗ ಕೊಲ್ಲುತ್ತದೆ. ಆಗ ಔಷಧಿ ಬೇಕು, ಕಾಯಬೇಡ. ಟ್ಯಾಂಕಿನ ದೀಪವನ್ನೂ ಆರಿಸು, ಆ ಜೀವಿ ಬೆಳಕಿನಿಂದಲೂ ಆಹಾರ ಮಾಡಿಕೊಳ್ಳುತ್ತದೆ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಾದರೆ ಅದು ಇಕ್ ಎಂಬ ರೋಗ, ಅದಕ್ಕೂ ಮದ್ದಿದೆ, ಗುಣವಾಗುತ್ತದೆ. ಹೊಟ್ಟೆ ಊದಿ ಹುರುಪೆಗಳೆಲ್ಲ ಹೊರಚಾಚಿ ನಿಂತರೆ ಒಳಗೆ ಮೂತ್ರಪಿಂಡ ಕೆಟ್ಟಿರುವ ಸಂಭವ ಹೆಚ್ಚು. ಉಳಿಯುವುದು ಅಪರೂಪ ಎಂದು ನಿನಗೆ ಮೊದಲೇ ಹೇಳಿಡುತ್ತೇನೆ. ಹುರುಪೆ ಸರಿಯಾಗೇ ಇದ್ದು, ಬರೀ ಹೊಟ್ಟೆ ಉಬ್ಬಿ ಓರೆಯಾಗಿ ಈಜುತ್ತಿದ್ದರೆ ಅದು ಸಾಮಾನ್ಯವಾಗಿ ಅತಿ ಊಟದ ಫಲ. ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ಡಾಫ್ನಿಯಾ ಕೊಡು. ಯಾವ ರೋಗವೆಂದು ಗೊತ್ತಾಗದೆ ಆಂಟಿಬಯೋಟಿಕ್ ಸುರಿಯುವುದು ಬೇಡವೇ ಬೇಡ. ಫಿಲ್ಟರಿನಲ್ಲಿ ನೆಲೆಯೂರಿದ ಒಳ್ಳೆಯ ಬ್ಯಾಕ್ಟೀರಿಯಾವೂ ಅದರಲ್ಲಿ ಸಾಯಬಹುದು, ಮತ್ತೆ ಅಮೋನಿಯಾ ಏರುತ್ತದೆ.

ಒಂಟಿ ಅಂತ ಮರುಗಿ ಜೊತೆಗೆ ಇನ್ನೊಂದು ಗಂಡು ಬಿಡಬೇಡ, ಒಂದು ಸಾಯುವವರೆಗೂ ಕಾದಾಡಬಹುದು. ಹೆಣ್ಣನ್ನೂ ಬಿಡಬೇಡ. ಬೆಟ್ಟಾಕ್ಕೆ ಒಂಟಿತನ ಶಿಕ್ಷೆಯಲ್ಲ, ಅದು ಅದರ ಸ್ವಭಾವ. ಕನ್ನಡಿ ತೋರಿಸಿದರೆ ಕಿವಿರು ಬಿಡಿಸಿ ಹಿಗ್ಗಿ ನಿಲ್ಲುವುದು ನೋಡಲು ಚೆಂದವೇನೋ ಹೌದು, ಆದರೆ ಕನ್ನಡಿಯಲ್ಲಿ ಕಾಣುವುದು ಅದರ ಪಾಲಿಗೆ ವೈರಿ. ಒಂದೆರಡು ನಿಮಿಷ ಸಾಕು, ಈಗ ಸೊರಗಿರುವಾಗ ಅದೂ ಬೇಡ. ಮೇಲೆ ಕಟ್ಟುವ ಗುಳ್ಳೆಗಳ ಗೂಡು ಗಂಡು ಮೊಟ್ಟೆಗಳಿಗಾಗಿ ಮಾಡುವ ತಯಾರಿ, ಕಟ್ಟಿದರೆ ಕಟ್ಟಲಿ, ಕಟ್ಟದಿದ್ದರೆ ಚಿಂತೆ ಬೇಡ. ಮುಚ್ಚಳ ಮಾತ್ರ ಕಡ್ಡಾಯ, ಬೆಟ್ಟಾ ಹಾರುತ್ತದೆ. ಮುಚ್ಚಳಕ್ಕೂ ನೀರಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡು, ಅದು ಎಳೆದುಕೊಳ್ಳುವ ಗಾಳಿ ಬೆಚ್ಚಗಿರಬೇಕು. ದೀಪ ದಿನಕ್ಕೆ 8 ಗಂಟೆ ಸಾಕು, ರಾತ್ರಿ ಕತ್ತಲೆ ಬೇಕು.

ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳುವವನು ನೀನು, ಅದಕ್ಕೆ ಬರೆಯುತ್ತಿದ್ದೇನೆ. ಬೆಟ್ಟಾದ ಆಯುಸ್ಸು ಸಾಮಾನ್ಯವಾಗಿ 2ರಿಂದ 4 ವರ್ಷ. ಮಾರಾಟಕ್ಕೆ ಬರುವಾಗಲೇ ಹಲವು ತಿಂಗಳು ಕಳೆದಿರುತ್ತದೆ. ಹಾಗಾಗಿ ಮುಂದೊಂದು ದಿನ ನಿಧಾನವಾಗಿ, ಬಣ್ಣ ಮಾಸಿ, ಎಲೆಯ ಮೇಲೇ ಹೆಚ್ಚು ಹೊತ್ತು ಮಲಗಿದರೆ ಅದೆಲ್ಲ ನಿನ್ನ ತಪ್ಪು ಎಂದುಕೊಳ್ಳಬೇಡ. ಆಗ ನೀರಿನ ಮಟ್ಟ ಸ್ವಲ್ಪ ತಗ್ಗಿಸು, ಮೇಲೆ ಬಂದು ಉಸಿರಾಡಲು ಸುಲಭವಾಗುತ್ತದೆ. ಆದರೆ ಈಗಿನದು ವಯಸ್ಸಿನ ಸುಸ್ತಲ್ಲ ಎಂದೇ ನನ್ನ ಅನಿಸಿಕೆ.

ಕಿಟ್ ತಂದ ಕೂಡಲೇ ಬಟ್ಟಲಿನ ನೀರು ಪರೀಕ್ಷಿಸಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್, ಎರಡು ಹೊತ್ತಿನ ಉಷ್ಣಾಂಶ ಎಲ್ಲ ಬರೆದು, ಬಾಲದ ಫೋಟೊ ಜೊತೆಗೆ ಕಳಿಸು. ಟ್ಯಾಂಕ್ ಸಿದ್ಧವಾಗುವವರೆಗೆ ಬಟ್ಟಲಿನಲ್ಲೇ ದಿನಕ್ಕೆ ಅರ್ಧ ನೀರು ಮಾತ್ರ ಬದಲಿಸು, ಅಷ್ಟೇ ಬೆಚ್ಚಗಿನ, ಕಂಡೀಷನರ್ ಹಾಕಿದ ನೀರಿನಿಂದ. ಜಲ್ಲಿ ತೊಳೆಯಬೇಡ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ