ತೌಡು ಕಳೆದುಕೊಂಡ ಸಿರಿಧಾನ್ಯ

ಮಾನ್ಯ ಸಂಪಾದಕರೇ,

ಸಿರಿಧಾನ್ಯದ ಅಡುಗೆಯ ಕುರಿತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರಹಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅವುಗಳಲ್ಲಿ ಹೆಚ್ಚಿನವು ನವಣೆಯ ಕೇಕು, ಸಾಮೆಯ ಜಾಮೂನು, ರಾಗಿಯ ನೂಡಲ್ಸುಗಳಲ್ಲೇ ಮುಗಿದುಹೋಗುತ್ತವೆ. ಹೊಟ್ಟೆ ತುಂಬುವ ದಿನದ ಊಟವನ್ನು ಈ ಧಾನ್ಯಗಳಿಂದ ಹೇಗೆ ಮಾಡಬೇಕು, ಅದಕ್ಕೂ ಮೊದಲು ಅಂಗಡಿಯಲ್ಲಿ ಎಂಥ ಕಾಳನ್ನು ಕೇಳಿ ಕೊಳ್ಳಬೇಕು ಎಂಬ ಮಾತು ಅಪರೂಪ. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಮನೆಮಂದಿಗೂ, ಕೊಯ್ಲಿನ ಕಾಲದಲ್ಲಿ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡರು ಮತ್ತು ಅಡಿಕೆ ಸುಲಿಯಲು ಬರುವವರು ಸೇರಿ ಹತ್ತು ಹನ್ನೆರಡು ಮಂದಿಗೂ ಬೇಯಿಸಿ ಬಡಿಸುವ ನಾನು, ಆರು ವರ್ಷಗಳಿಂದ ವಾರದಲ್ಲಿ ಮೂರು ನಾಲ್ಕು ದಿನ ಸಾಮೆ, ನವಣೆ, ಕೊರಲೆ, ರಾಗಿಗಳನ್ನೇ ಮುಖ್ಯ ಊಟವಾಗಿ ಬಳಸುತ್ತಿದ್ದೇನೆ. ಆ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ.

ರಾಗಿ, ಜೋಳ, ಸಜ್ಜೆಗಳಿಗೆ ಬಿಡಿಸಬೇಕಾದ ಗಟ್ಟಿ ಹೊಟ್ಟಿಲ್ಲ. ಒಕ್ಕಿದರೆ ಕಾಳು ಬರಿದಾಗಿ ಕೈಗೆ ಬರುತ್ತದೆ, ಯಾವ ಹಿಟ್ಟಿನ ಗಿರಣಿಯಲ್ಲಾದರೂ ಇಡಿಯಾಗಿ ಬೀಸಿಸಬಹುದು. ಸಾಮೆ, ನವಣೆ, ಊದಲು, ಹಾರಕ, ಬರಗು, ಕೊರಲೆ ಹಾಗಲ್ಲ. ಅವುಗಳ ಮೇಲೆ ಗಟ್ಟಿ ಹೊಟ್ಟು, ಅದರ ಕೆಳಗೆ ತೆಳುವಾದ ತೌಡಿನ ಪದರ. ಹೊಟ್ಟು ಹೋಗಲೇಬೇಕು, ತೌಡು ಉಳಿಯಬೇಕು. ನಾರು, ಬಿ ಜೀವಸತ್ವಗಳು, ಖನಿಜಾಂಶಗಳು ಹೆಚ್ಚಾಗಿರುವುದು ಆ ಪದರದಲ್ಲಿ. ಅದನ್ನೂ ಉಜ್ಜಿ ತೆಗೆದ ಸಾಮೆಗೂ ಬಿಳಿ ಅಕ್ಕಿಗೂ ಊಟದಲ್ಲಿ ಆಗುವ ವ್ಯತ್ಯಾಸ ಬಹಳ ಕಡಿಮೆ, ಬೆಲೆ ಮಾತ್ರ ದುಪ್ಪಟ್ಟಿಗೂ ಮೇಲೆ.

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಅಂಗಡಿಯೊಂದರಿಂದ ತಂದ ಸಾಮೆಯ ಪೊಟ್ಟಣ ಬಿಚ್ಚಿದಾಗ ಕಾಳು ಸೋನಾ ಮಸೂರಿಯಷ್ಟೇ ಬೆಳ್ಳಗಿತ್ತು. ಅಂಗೈಯಲ್ಲಿ ಉಜ್ಜಿದರೆ ಬಿಳಿ ಹಿಟ್ಟು ಅಂಟಿತು, ತೊಳೆದ ನೀರು ಹಾಲಿನಂತಾಯಿತು. ತೌಡಿರುವ ಸಾಮೆಗೆ ಬೂದು ಬೆರೆತ ಮಾಸಲು ಬಣ್ಣವಿರುತ್ತದೆ. ಹೊದಿಕೆಯ ಮೇಲೆ ಆರೋಗ್ಯದ ಬಗ್ಗೆ ನಾಲ್ಕು ಸಾಲು ಅಚ್ಚಾಗಿದ್ದವು. ಪಾಲಿಶ್ ಮಾಡಿದ್ದಾರೆಯೇ ಇಲ್ಲವೇ ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇನ್ನೊಂದು ಕಡೆ ಪಾಲಿಶ್ ಮಾಡದ ನವಣೆಯನ್ನೇ ಹುಡುಕಿ ತಂದರೆ ಅದು ಕಮಟು ವಾಸನೆ ಹಿಡಿದಿತ್ತು. ಅದಕ್ಕೆ ಕಾರಣವಿದೆ. ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಹೊಟ್ಟು ಬಿಡಿಸಿದ ಕಾಳು ನಮ್ಮ ಮಲೆನಾಡಿನ ಥಂಡಿಯಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದಿಲ್ಲ. ವ್ಯಾಪಾರಿಗಳು ತೌಡು ತೆಗೆಸುವುದೂ ಇದಕ್ಕಾಗಿಯೇ. ಹೊಟ್ಟಿನ ಸಮೇತ ಇಟ್ಟ ಕಾಳಾದರೆ ವರ್ಷ ಕಳೆದರೂ ಕೆಡದು. ಹಿಂದೆ ನಮ್ಮ ಮನೆಗಳಲ್ಲಿ ಭತ್ತವನ್ನು ಪಣತವೆಂಬ ಕಣಜದಲ್ಲಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ಒರಳಿನಲ್ಲಿ ಕುಟ್ಟಿಕೊಳ್ಳುತ್ತಿದ್ದುದು ಇದೇ ತಿಳಿವಳಿಕೆಯಿಂದ. ಈಗ ನಾನು ಹೊಸದುರ್ಗದ ಕಡೆಯ ಪರಿಚಿತ ರೈತರಿಂದ ಆಗಷ್ಟೇ ಹೊಟ್ಟು ಬಿಡಿಸಿದ ಸಾಮೆಯನ್ನು ಎರಡು ತಿಂಗಳಿಗೆ ಆಗುವಷ್ಟು ಮಾತ್ರ ತರಿಸಿಕೊಳ್ಳುತ್ತೇನೆ.

ಬೇಯಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿರಿಧಾನ್ಯ ರುಚಿಯಿಲ್ಲ ಎನ್ನುವವರಲ್ಲಿ ಬಹುಪಾಲು ಜನ ಸರಿಯಾಗಿ ಬೆಂದ ಅನ್ನವನ್ನು ಉಂಡವರೇ ಅಲ್ಲ. ಮೊದಲ ವರ್ಷ ನಾನೂ ಅಕ್ಕಿಯಂತೆಯೇ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸುತ್ತಿದ್ದೆ. ಅನ್ನ ಹೊರಗೆ ಅಂಟು, ಒಳಗೆ ಗಟ್ಟಿ. ಒಂದು ಪಾವು ಸಾಮೆಯನ್ನು ಮೂರು ಸಲ ತೊಳೆದು, ಕೊನೆಯ ನೀರಿನಲ್ಲಿ ನಿಧಾನವಾಗಿ ಗಾಳಿಸಬೇಕು. ಕಾಳಿನಷ್ಟೇ ಗಾತ್ರದ ಮರಳು ಪಾತ್ರೆಯ ತಳದಲ್ಲಿ ಉಳಿಯುತ್ತದೆ. ಈ ಕೆಲಸ ತಪ್ಪಿಸಿದರೆ ಮೊದಲ ತುತ್ತಿಗೇ ಹಲ್ಲಿಗೆ ಕಲ್ಲು ಸಿಕ್ಕಿ, ಮನೆಯವರು ಮತ್ತೆಂದೂ ಆ ಅನ್ನದ ಹೆಸರೆತ್ತುವುದಿಲ್ಲ. ತೌಡಿರುವ ಕಾಳು ರಾತ್ರಿಯಿಡೀ ನೆನೆಯಬೇಕು. ಬೆಳಿಗ್ಗೆ ಎರಡೂವರೆ ಪಾವು ನೀರು ಕುದಿಯಲು ಇಟ್ಟು, ಮರಳಿದ ಮೇಲೆ ಬಸಿದ ಕಾಳನ್ನೂ ಚಿಟಿಕೆ ಉಪ್ಪನ್ನೂ ಹಾಕಿ, ಒಮ್ಮೆ ಕೈಯಾಡಿಸಿ, ಉರಿ ತಗ್ಗಿಸಿ ಸಟ್ಟುಗವನ್ನು ದೂರ ಇಡಬೇಕು. ನೀರು ಇಂಗಿ ಅನ್ನದ ಮೇಲೆ ಸಣ್ಣ ಸಣ್ಣ ತೂತುಗಳು ಕಂಡಾಗ ಒಲೆ ಆರಿಸಿ ಮುಚ್ಚಿಟ್ಟು, ಕಾಲು ಗಂಟೆ ಹಬೆಯಲ್ಲೇ ಅರಳಲು ಬಿಟ್ಟರೆ ಅನ್ನ ಹುಡಿಹುಡಿಯಾಗಿ ಬಿಡಿಸಿಕೊಳ್ಳುತ್ತದೆ. ಆರಿದರೆ ಗಟ್ಟಿಯಾಗುವ ಗುಣವಿರುವುದರಿಂದ ಬಿಸಿಯಿರುವಾಗಲೇ ಬಡಿಸಬೇಕು. ಉಳಿದದ್ದನ್ನು ಮಜ್ಜಿಗೆಯಲ್ಲಿ ಕಲಸಿಟ್ಟರೆ ಮರುದಿನ ಬೆಳಗಿನ ಊಟಕ್ಕೆ ಬಹಳ ಸೊಗಸು.

ಇದಕ್ಕೆ ಹೊಂದುವ ಮೇಲೋಗರಗಳು ನಮ್ಮ ಅಡುಗೆಮನೆಯಲ್ಲಿಯೇ ಇವೆ. ನವಣೆ ಅನ್ನಕ್ಕೆ ಒಂದೆಲಗದ ತಂಬುಳಿ, ಸಾಮೆಗೆ ಕಳಲೆಯ ಹುಳಿ, ಕೊರಲೆಗೆ ಹುರುಳಿ ಸಾರು. ಈ ಕೊನೆಯ ಜೋಡಿಯ ವಯಸ್ಸು ಕೇಳಿದರೆ ಆಶ್ಚರ್ಯವಾಗುತ್ತದೆ. ಬಳ್ಳಾರಿ ಸಮೀಪದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ಕರಿಕಾದ ಕೊರಲೆ ಮತ್ತು ಹುರುಳಿ ಕಾಳುಗಳು ದೊರೆತಿವೆ. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆಂದು ಇಂದಿನ ಪೌಷ್ಟಿಕತಜ್ಞರು ಹೇಳುತ್ತಾರೆ. ಕೊಯ್ಲಿನ ದಿನಗಳಲ್ಲಿ ಈ ಊಟ ಬಡಿಸಿದಾಗ, ಮರ ಹತ್ತಿ ಇಳಿಯುವ ಕೊನೆಗೌಡರೇ ಸಂಜೆಯವರೆಗೆ ಹಸಿವಾಗಲಿಲ್ಲವೆಂದು ಹೇಳಿದ್ದನ್ನು ನಾನು ಯಾವ ಪ್ರಮಾಣಪತ್ರಕ್ಕಿಂತಲೂ ದೊಡ್ಡದೆಂದು ಭಾವಿಸುತ್ತೇನೆ. ರಾಗಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅಂಬಲಿಯನ್ನು ರಾತ್ರಿ ಹುಳಿ ಬರಿಸಿ ಮಾಡಿದರೆ ಅದರ ಕಬ್ಬಿಣಾಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಿರಿಧಾನ್ಯ ಉಂಡರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೆಂದು ಮೇಳಗಳಲ್ಲಿ ಧ್ವನಿವರ್ಧಕ ಹಿಡಿದು ಹೇಳುವವರನ್ನು ಕೇಳಿದ್ದೇನೆ. ಇದು ಅಪಾಯದ ಮಾತು. ನಾರಿನಂಶವಿರುವ ಊಟ ನಿಧಾನವಾಗಿ ಜೀರ್ಣವಾಗುತ್ತದೆ, ಅದರಿಂದ ಸಹಾಯವಾಗುತ್ತದೆ ಎಂಬುದು ನಿಜ. ಮಾತ್ರೆಯ ವಿಷಯ ವೈದ್ಯರಿಗೆ ಬಿಟ್ಟದ್ದು. ಬಿಳಿ ಅನ್ನಕ್ಕೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಮೂರು ಹೊತ್ತೂ ಇದನ್ನೇ ತುಂಬುವುದೂ ಸರಿಯಲ್ಲ. ಮೊದಲು ವಾರಕ್ಕೆ ಎರಡು ದಿನ ಸಾಕು. ಅದೂ ಆಗದವರಿಗೆ ನಮ್ಮದೇ ಗದ್ದೆಯ ಕೆಂಪಕ್ಕಿಯಿದೆ, ಅದೂ ತೌಡಿರುವ ಇಡೀ ಧಾನ್ಯವೇ.

2018ನ್ನು ನಮ್ಮ ದೇಶ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದವು. ಈಗ ಬೇಕಾಗಿರುವುದು ಹೋಬಳಿಗೊಂದು ಸಣ್ಣ ಹೊಟ್ಟು ಬಿಡಿಸುವ ಯಂತ್ರ. ಭತ್ತದ ಗಿರಣಿಯಲ್ಲಿ ಇಷ್ಟು ಸಣ್ಣ ಕಾಳು ನಿಲ್ಲುವುದಿಲ್ಲ, ಮನೆಯ ಒರಳಿನಲ್ಲಿ ಕುಟ್ಟುವ ರಟ್ಟೆಯೂ ಇಂದು ಯಾರಿಗೂ ಇಲ್ಲ. ಕೃಷಿ ಇಲಾಖೆಯು ರೈತ ಸಂಪರ್ಕ ಕೇಂದ್ರಗಳಲ್ಲಿ ಇಂಥ ಯಂತ್ರವನ್ನಿಟ್ಟು ಮಹಿಳಾ ಸ್ವಸಹಾಯ ಸಂಘಗಳಿಗೆ ನಡೆಸಲು ಕೊಡಬೇಕು. ತೌಡು ಉಳಿಸಿಕೊಂಡು ಹೊಟ್ಟು ಮಾತ್ರ ತೆಗೆಯುವ ಹದವನ್ನು ಜಿಲ್ಲೆಯಲ್ಲಿಯೇ ಇರುವ ಕೆಳದಿ ಶಿವಪ್ಪನಾಯಕ ಕೃಷಿ ವಿಶ್ವವಿದ್ಯಾಲಯದವರು ಆ ಮಹಿಳೆಯರಿಗೆ ಕಲಿಸಿಕೊಡಬೇಕು. ಪೊಟ್ಟಣದ ಮೇಲೆ ಪಾಲಿಶ್ ಆಗಿದೆಯೇ ಎಂಬುದನ್ನೂ ಹೊಟ್ಟು ಬಿಡಿಸಿದ ದಿನಾಂಕವನ್ನೂ ಕನ್ನಡದಲ್ಲಿ ಮುದ್ರಿಸುವುದು ಕಡ್ಡಾಯವಾಗಬೇಕು. ಹೊಟ್ಟಿನ ಸಮೇತ ಕಾಳನ್ನು ಒಟ್ಟಿಗೆ ತರಿಸಿಕೊಂಡು ತಿಂಗಳಿಗೊಮ್ಮೆ ಬಿಡಿಸಿಕೊಳ್ಳಲು ನಮ್ಮ ಊರಿನ ಹದಿನಾಲ್ಕು ಮನೆಗಳವರು ಈಗಲೇ ಒಪ್ಪಿದ್ದೇವೆ. ಸಂಬಂಧಪಟ್ಟವರು ಈ ಅಡಿಕೆ ಕೊಯ್ಲಿನ ಒಳಗಾಗಿ ಒಂದು ಹೋಬಳಿಯಲ್ಲಾದರೂ ಕೆಲಸ ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ಓರ್ವ ಗೃಹಿಣಿ, ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ