ದೂರು: ಪೆಡಲ್ ಕಿಟ್‌ನ ಕೀರಲು ಸದ್ದಿಗೆ ಅಡಾಪ್ಟರ್ ಕಾರಣವಲ್ಲ, ಒಳಗಿನ ವೋಲ್ಟೇಜ್ ಪರಿವರ್ತಕ ಚಿಪ್

ಗೆ,
ಮುಖ್ಯಸ್ಥರು,
ತಾಂತ್ರಿಕ ನೆರವು ವಿಭಾಗ

ವಿಷಯ: ಗಿಟಾರ್ ನಾದವನ್ನು ಒರಟಾಗಿಸುವ ತಮ್ಮ ಓವರ್‌ಡ್ರೈವ್ ಪೆಡಲ್ ಕಿಟ್‌ನಲ್ಲಿ ಭಾಗಗಳ ಪಟ್ಟಿಗೆ ಹೊಂದದ ಚಿಪ್ ಕಳುಹಿಸಿರುವುದು ಮತ್ತು ಬೋರ್ಡ್ ವಿನ್ಯಾಸದಲ್ಲಿನ ದೋಷ

ಮಾನ್ಯರೇ,

ತಮ್ಮ ಕಿಟ್‌ನಿಂದ ಜೋಡಿಸಿದ ಮೂರು ಪೆಡಲ್‌ಗಳಲ್ಲೂ ಗೇನ್ ನಾಬ್ (ಸಂಕೇತ ಎಷ್ಟು ಹಿಗ್ಗಬೇಕೆಂದು ಹೊಂದಿಸುವ ಗುಂಡಿ) ಅರ್ಧ ದಾಟುತ್ತಿದ್ದಂತೆ ‘ಕೀಂ’ ಎಂಬ ಸದ್ದು ಶುರುವಾಗುತ್ತದೆ. ಸಣ್ಣದು, ಚೂಪು, ಒಂದೇ ಶ್ರುತಿಯದು. ಇದನ್ನು ತಿಳಿಸಿದಾಗ ತಮ್ಮ ವಿಭಾಗದಿಂದ ಬಂದದ್ದು ಎರಡು ಸಾಲಿನ ಉತ್ತರ: ಅಡಾಪ್ಟರ್ ಸರಿಯಿಲ್ಲ, ಪ್ರತ್ಯೇಕ ಔಟ್‌ಪುಟ್‌ಗಳಿರುವ ಪವರ್ ಸಪ್ಲೈ ಕೊಳ್ಳಿ. ಆ ಉತ್ತರ ತಪ್ಪು. ಏಕೆ ತಪ್ಪು ಎಂಬುದನ್ನು ತಮ್ಮ ತಂತ್ರಜ್ಞರು ಮೇಜಿನ ಮೇಲೆ ಅರ್ಧ ಗಂಟೆಯಲ್ಲಿ ಪರೀಕ್ಷಿಸಿ ನೋಡಬಹುದಾದ ರೀತಿಯಲ್ಲಿ ಇಲ್ಲಿ ಬರೆದಿದ್ದೇವೆ.

ಮೊದಲಿಗೆ ಅಡಾಪ್ಟರ್ ವಿಷಯ ಮುಗಿಸೋಣ. ಹೊಸ 9 ವೋಲ್ಟ್ ಬ್ಯಾಟರಿ ಹಾಕಿ, ಬೇರೆ ಯಾವ ಪೆಡಲ್ಲನ್ನೂ ಜೋಡಿಸದೆ, ಇನ್‌ಪುಟ್ ಜ್ಯಾಕ್‌ಗೆ ತುದಿ ಮತ್ತು ಗ್ರೌಂಡ್ ಸೇರಿಸಿ ಬೆಸೆದ ಪ್ಲಗ್ ಚುಚ್ಚಿದರೂ ಸದ್ದು ಹಾಗೇ ಇರುತ್ತದೆ. ಅಲ್ಲಿಗೆ ಅಡಾಪ್ಟರ್, ಗಿಟಾರಿನ ಪಿಕಪ್, ಕೇಬಲ್ ಮೂರೂ ಲೆಕ್ಕದಿಂದ ಹೊರಗೆ. ಅಡಾಪ್ಟರ್‌ನಿಂದ ಬರುವ ಹಮ್ 50 ಅಥವಾ 100 ಹರ್ಟ್ಸ್‌ನ ಆಸುಪಾಸಿನ ತಗ್ಗು ಗುಂಯ್‌ಗುಡುವಿಕೆ (60 ಹರ್ಟ್ಸ್ ವಿದ್ಯುತ್ ಇರುವಲ್ಲಿ 60, 120). ಇದು ಅದಲ್ಲ.

ಈ ಸದ್ದು ಹುಟ್ಟುವುದು 9 ವೋಲ್ಟನ್ನು ಮೈನಸ್ 9 ಆಗಿ ತಿರುಗಿಸುವ ಎಂಟು ಪಿನ್‌ಗಳ ಚಿಪ್ಪಿನಲ್ಲಿ. ತಮ್ಮ ಭಾಗಗಳ ಪಟ್ಟಿಯಲ್ಲಿ ಇರುವುದು ಟಿಸಿ1044ಎಸ್. ಪೊಟ್ಟಣದಲ್ಲಿ ಬಂದದ್ದು 7660, ಹಿಂದೆ ‘ಎಸ್’ ಇಲ್ಲದ್ದು. ಎರಡರ ಪಿನ್ ಜೋಡಣೆ ಬಹುತೇಕ ಒಂದೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ವ್ಯತ್ಯಾಸವಿರುವುದು ಪಿನ್ 1ರಲ್ಲಿ. ಟಿಸಿ1044ಎಸ್‌ನಲ್ಲಿ ಅದು ಬೂಸ್ಟ್ ಪಿನ್. ಅದನ್ನು ಪಿನ್ 8ಕ್ಕೆ, ಅಂದರೆ ಪ್ಲಸ್ ಪೂರೈಕೆಗೆ ಸೇರಿಸಿದರೆ ಒಳಗಿನ ಆಂದೋಲಕ (ಚಿಪ್‌ನ ಕೆಲಸಕ್ಕೆ ತಾಳ ಕೊಡುವ ಭಾಗ) ಸುಮಾರು 10 ಕಿಲೋಹರ್ಟ್ಸ್‌ನಿಂದ ಸುಮಾರು 45ಕ್ಕೆ ಏರುತ್ತದೆ. ಸಾದಾ 7660ರಲ್ಲಿ ಪಿನ್ 1 ಒಳಗೆ ಯಾವುದಕ್ಕೂ ಜೋಡಣೆಯಾಗಿಲ್ಲ. ತಮ್ಮ ಬೋರ್ಡ್‌ನಲ್ಲಿ 1 ಮತ್ತು 8ನ್ನು ಸೇರಿಸುವ ಟ್ರ್ಯಾಕ್ ಸರಿಯಾಗಿಯೇ ಇದೆ, ಆದರೆ ಈ ಚಿಪ್‌ಗೆ ಅದರಿಂದ ಏನೂ ಆಗುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಆಂದೋಲಕದ ಆವೃತ್ತಿಯನ್ನು ಚಿಪ್ ಒಳಗೇ ಎರಡರಿಂದ ಭಾಗಿಸುತ್ತದೆ. ಕೆಪ್ಯಾಸಿಟರನ್ನು (ವಿದ್ಯುತ್ ಕೂಡಿಡುವ ಭಾಗ) ತುಂಬಿ ಸುರಿಯುವ ಸ್ವಿಚ್‌ಗಳು ಓಡುವುದು ಅರ್ಧ ವೇಗದಲ್ಲಿ. ಹಾಗಾಗಿ 7660ರ ಸದ್ದು ಸುಮಾರು 5 ಕಿಲೋಹರ್ಟ್ಸ್, ಕಿವಿ ಅತಿ ಸೂಕ್ಷ್ಮವಾಗಿರುವ ಜಾಗಕ್ಕೆ ತೀರ ಹತ್ತಿರ. ಬೂಸ್ಟ್ ಆದ ಟಿಸಿ1044ಎಸ್‌ನದು ಸುಮಾರು 22.5 ಕಿಲೋಹರ್ಟ್ಸ್, ಮನುಷ್ಯರ ಕಿವಿಗೆ ಎಟುಕದ್ದು.

ಸದ್ದು ಚಿಪ್ಪಿನದೇ ಎಂಬ ಬಗ್ಗೆ ಅನುಮಾನ ಉಳಿದಿದ್ದರೆ, ಪೆಡಲ್ ಚಾಲೂ ಇರುವಾಗ 100 ಪಿಕೋಫ್ಯಾರಡ್‌ನ ಒಂದು ಸೆರಾಮಿಕ್ ಕೆಪ್ಯಾಸಿಟರನ್ನು ಪಿನ್ 7 ಮತ್ತು 8ರ ನಡುವೆ ತಾಗಿಸಿ ನೋಡಿ. ಆಂದೋಲಕ 10 ಕಿಲೋಹರ್ಟ್ಸ್‌ನಿಂದ ಸುಮಾರು 1ಕ್ಕೆ ಇಳಿಯುತ್ತದೆ, ಆಂಪ್‌ನಲ್ಲಿ ಕೇಳುವ ಕೀರಲು ಅದೇ ಕ್ಷಣ ಮೂರು ಸ್ಥಾಯಿಗೂ ಹೆಚ್ಚು ಕೆಳಗೆ ಜಾರುತ್ತದೆ. ತೆಗೆದರೆ ಮೊದಲಿನ ಶ್ರುತಿಗೆ ಮರಳುತ್ತದೆ. ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಆವೃತ್ತಿಯನ್ನು ಅಳೆಯುವುದಾದರೆ ಪಿನ್ 2ರಲ್ಲಿ ಅಳೆಯಿರಿ. ಪಿನ್ 7ಕ್ಕೆ ಅಳತೆ ಉಪಕರಣದ ಪ್ರೋಬ್ ಹಿಡಿದರೆ ಪ್ರೋಬ್‌ನದೇ ಕೆಪ್ಯಾಸಿಟೆನ್ಸ್ ಆವೃತ್ತಿಯನ್ನು ಕೆಳಗೆಳೆದು ಸುಳ್ಳು ಅಂಕಿ ತೋರಿಸುತ್ತದೆ.

ದೂರಿನ ನಂತರ ತಾವು ಬದಲಿಗೆ ಕಳುಹಿಸಿದ ಚಿಪ್‌ಗಳ ಬಗ್ಗೆ ಹೇಳಲೇಬೇಕು. ಅವುಗಳ ಬೆನ್ನ ಮೇಲೆ ಟಿಸಿ1044ಎಸ್ ಎಂದೇ ಮುದ್ರೆಯಿದೆ. ಸಾಕೆಟ್‌ನಲ್ಲಿ ಕೂರಿಸಿ ಪಿನ್ 2ರಲ್ಲಿ ಅಳೆದರೆ ಸುಮಾರು 5 ಕಿಲೋಹರ್ಟ್ಸ್. ಪಿನ್ 1ನ್ನು ಹೊರಗೆ ಬಾಗಿಸಿ, ಸಾಕೆಟ್‌ಗೆ ತಾಗದಂತೆ ಮಾಡಿ ಮತ್ತೆ ಅಳೆದರೂ ಅದೇ 5. ನಿಜವಾದ ಎಸ್ ಚಿಪ್‌ನಲ್ಲಿ ಪಿನ್ 1 ಬಿಟ್ಟಾಗ 5, ಸೇರಿಸಿದಾಗ ಸುಮಾರು 22 ಕಾಣಬೇಕು. ಅಂದರೆ ಹೆಸರು ಬದಲಿಸಿ ಮುದ್ರೆ ಒತ್ತಿದ ಚಿಪ್‌ಗಳನ್ನು ಯಾರೋ ತಮಗೆ ಮಾರಿದ್ದಾರೆ. ತಾವೂ ಮೋಸ ಹೋಗಿರಬಹುದು, ಆದರೆ ಪರೀಕ್ಷಿಸದೆ ಗ್ರಾಹಕರಿಗೆ ದಾಟಿಸಿದ್ದು ತಮ್ಮ ಹೊಣೆ.

ಇದು ಬರೀ ಸದ್ದಿನ ವಿಷಯವೂ ಅಲ್ಲ. ಟಿಸಿ1044ಎಸ್ 12 ವೋಲ್ಟ್‌ವರೆಗೆ ಓಡಬಲ್ಲದು. ಸಾದಾ 7660ರ ಮಿತಿ 10 ವೋಲ್ಟ್, ಅದು ತಾಳುವ ಗರಿಷ್ಠ 10.5. ರೆಗ್ಯುಲೇಟರ್ ಇಲ್ಲದ ಹಳೆ ಬಗೆಯ ‘9 ವೋಲ್ಟ್’ ಅಡಾಪ್ಟರ್‌ಗಳು ಹೊರೆ ಕಡಿಮೆಯಿದ್ದಾಗ 12 ವೋಲ್ಟ್ ದಾಟುವುದು ಸಾಮಾನ್ಯ. ತಮ್ಮ ಕೈಪಿಡಿಯಲ್ಲಿ 12 ವೋಲ್ಟ್‌ವರೆಗೆ ಕೊಡಬಹುದು ಎಂದು ಬರೆದಿದೆ. ಅದನ್ನು ನಂಬಿದವರ ಚಿಪ್ ಸುಡುತ್ತದೆ.

ಇನ್ನು ಬೋರ್ಡ್. ಸರಿಯಾದ ಚಿಪ್ ಹಾಕಿದರೂ ಈ ಬೋರ್ಡ್ ಪೂರ್ತಿ ಮೌನವಾಗುವುದಿಲ್ಲ, ನಮ್ಮ ಮುಖ್ಯ ಆಕ್ಷೇಪ ಇರುವುದೇ ಇಲ್ಲಿ. ಮೈನಸ್ ಸಾಲಿನಲ್ಲಿ ತಾವು ಇಟ್ಟಿರುವುದು ಒಂದೇ ಒಂದು 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಅಲ್ಲಿಂದ ನೇರ ಆಪ್‌ಆಂಪ್‌ಗೆ (ಗಿಟಾರ್ ಸಂಕೇತ ಹಿಗ್ಗಿಸುವ ಚಿಪ್). 5 ಮಿಲಿಆಂಪ್ ಹೊರೆಗೆ, 5 ಕಿಲೋಹರ್ಟ್ಸ್‌ನಲ್ಲಿ, ಈ ಕೆಪ್ಯಾಸಿಟರ್ ಮೇಲೆ ಉಳಿಯುವ ಏರಿಳಿತ ಸುಮಾರು 50 ಮಿಲಿವೋಲ್ಟ್. 22.5ರಲ್ಲಿ ಸುಮಾರು 11. ಆಪ್‌ಆಂಪ್ ಇದನ್ನು ತಾನೇ ತಡೆಯುತ್ತದೆ ಎಂದುಕೊಳ್ಳುವಂತಿಲ್ಲ. ಆವೃತ್ತಿ ಏರಿದಂತೆ ಅದರ ಆ ಶಕ್ತಿ ಕುಗ್ಗುತ್ತದೆ. ಕೆಪ್ಯಾಸಿಟರ್ ನಂತರ 47 ಓಮ್‌ನ ಒಂದು ರೆಸಿಸ್ಟರ್, ಅದರಾಚೆ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ (ಮೈನಸ್ ಸಾಲಾದ್ದರಿಂದ ಪ್ಲಸ್ ಕಾಲು ಗ್ರೌಂಡ್ ಕಡೆಗೆ) ಇಟ್ಟರೆ ಸೋಸುವಿಕೆ ಸುಮಾರು 34 ಹರ್ಟ್ಸ್‌ನಿಂದಲೇ ಶುರುವಾಗುತ್ತದೆ. 5 ಕಿಲೋಹರ್ಟ್ಸ್‌ನ ಏರಿಳಿತ ಲೆಕ್ಕದಲ್ಲಿ ಸುಮಾರು 150 ಪಟ್ಟು ತಗ್ಗುತ್ತದೆ. ಕೆಪ್ಯಾಸಿಟರ್‌ನ ಒಳರೋಧದಿಂದಾಗಿ ವಾಸ್ತವದಲ್ಲಿ ಸ್ವಲ್ಪ ಕಡಿಮೆ ಸಿಗುತ್ತದೆ. ಕಳೆದುಕೊಳ್ಳುವುದು ಕಾಲು ವೋಲ್ಟ್‌ಗಿಂತ ಕಡಿಮೆ. ಎರಡು ಅಗ್ಗದ ಭಾಗಗಳ ಕೆಲಸ ಇದು.

ಗ್ರೌಂಡ್ ಹಾದಿ ಇದಕ್ಕಿಂತ ಕೆಟ್ಟದಾಗಿದೆ. ಪರಿವರ್ತಕದ ಪಿನ್ 3ರ ಗ್ರೌಂಡ್ ಮೊದಲ ಆಂಪ್ ಹಂತದ ಗ್ರೌಂಡ್‌ಗೆ ಸೇರಿ, ಅದೇ ತೆಳು ಟ್ರ್ಯಾಕ್‌ನಲ್ಲಿ ಬೋರ್ಡ್ ಸುತ್ತಿ ಡಿಸಿ ಜ್ಯಾಕ್ ತಲುಪುತ್ತದೆ. ಚಿಪ್ ಪ್ರತಿ ಸಲ ಸ್ವಿಚ್ ಆದಾಗ ಹರಿಯುವ ವಿದ್ಯುತ್ತಿನ ಹೊಡೆತ ಆ ಟ್ರ್ಯಾಕ್ ಮೇಲೆ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ, ಮೊದಲ ಹಂತ ಅದನ್ನು ಗಿಟಾರ್ ಸಂಕೇತವೆಂದೇ ತಿಳಿದು ಹಿಗ್ಗಿಸುತ್ತದೆ. ಗೇನ್ ಏರಿಸಿದಂತೆ ಕೀರಲೂ ಏರುವುದು ಇದರಿಂದ. ಸದ್ದು ಗೇನ್ ನಂತರದ ಹಂತದಲ್ಲಿ ನುಸುಳುತ್ತಿದ್ದರೆ ಅದು ಗೇನ್ ನಾಬ್‌ಗೆ ಜಗ್ಗುತ್ತಿರಲಿಲ್ಲ, ವಾಲ್ಯೂಮ್ ನಾಬ್‌ಗೆ ಮಾತ್ರ ಸ್ಪಂದಿಸುತ್ತಿತ್ತು. ಪಿನ್ 3ರ ಟ್ರ್ಯಾಕ್ ಕತ್ತರಿಸಿ, ಪಿನ್ 3 ಮತ್ತು ಔಟ್‌ಪುಟ್ ಕೆಪ್ಯಾಸಿಟರ್‌ನ ಗ್ರೌಂಡ್ ಕಾಲನ್ನು ಒಟ್ಟಿಗೆ ಬೆಸೆದು, ಪ್ರತ್ಯೇಕ ತಂತಿಯಲ್ಲಿ ಡಿಸಿ ಜ್ಯಾಕ್‌ಗೆ ಒಯ್ದಾಗ ಮೂರರಲ್ಲೂ ಕೀರಲು ಎದ್ದು ಕಾಣುವಷ್ಟು ಇಳಿಯಿತು, ಅದೂ ಹಳೆಯ 7660 ಇದ್ದಾಗಲೇ.

ಸ್ವಿಚ್‌ಗಳು ತುಂಬಿ ಸುರಿಯುವ, ಪಿನ್ 2 ಮತ್ತು 4ರ ನಡುವಿನ ಕೆಪ್ಯಾಸಿಟರ್ ಚಿಪ್‌ನಿಂದ ಮೂರು ಸೆಂಟಿಮೀಟರ್ ದೂರದಲ್ಲಿದೆ. ಆ ಎರಡು ಪಿನ್‌ಗಳ ಅಂತರ ಬರೀ 5.08 ಮಿಲಿಮೀಟರ್. ಅದನ್ನು ಅಲ್ಲೇ, ಪ್ಲಸ್ ಕಾಲು 2ಕ್ಕೆ ಬರುವಂತೆ ಇಡಬಹುದಿತ್ತು.

ಫೋನಿನಲ್ಲಿ ತಮ್ಮ ಸಿಬ್ಬಂದಿ ಎಲ್‌ಟಿ1054 ಹಾಕಿ ನೋಡಿ ಎಂದರು. ಒಳ್ಳೆಯ ಚಿಪ್, 100 ಮಿಲಿಆಂಪ್ ಕೊಡುತ್ತದೆ, 15 ವೋಲ್ಟ್ ತಡೆಯುತ್ತದೆ, ಆಂದೋಲಕ ಸುಮಾರು 25 ಕಿಲೋಹರ್ಟ್ಸ್. ಆದರೆ ಅದರ ಪಿನ್ 1 ಬೂಸ್ಟ್ ಅಲ್ಲ. ಫೀಡ್‌ಬ್ಯಾಕ್ ಮತ್ತು ಚಿಪ್ ನಿಲ್ಲಿಸುವ ಪಿನ್ ಅದು. ಪಿನ್ 1ರಿಂದ 8ಕ್ಕೆ ಹೋಗುವ ಟ್ರ್ಯಾಕ್ ಕತ್ತರಿಸಿ, ಪಿನ್ 1ನ್ನು ತೆರೆದು ಬಿಟ್ಟ ಮೇಲಷ್ಟೇ ಅದನ್ನು ಕೂರಿಸಬೇಕು. ಈ ಎಚ್ಚರಿಕೆ ಹೇಳದೆ ಸಲಹೆ ಕೊಡಬೇಡಿ.

ಪ್ರತ್ಯೇಕ ಔಟ್‌ಪುಟ್‌ನ ಪವರ್ ಸಪ್ಲೈ ಉಪಯೋಗಕ್ಕೆ ಬರುವ ಸಂದರ್ಭ ಒಂದಿದೆ, ಅದನ್ನು ಒಪ್ಪುತ್ತೇವೆ. ಪರಿವರ್ತಕ ಇರುವ ಎರಡು ಪೆಡಲ್‌ಗಳು ಒಂದೇ ಪೂರೈಕೆ ಹಂಚಿಕೊಂಡಾಗ, ಒಂದು 22.5ರಲ್ಲಿ, ಇನ್ನೊಂದು 21ರಲ್ಲಿ ಓಡುತ್ತಿದ್ದರೆ, ಓವರ್‌ಡ್ರೈವ್ ಹಂತದಲ್ಲಿ ಅವೆರಡರ ವ್ಯತ್ಯಾಸವಾದ 1.5 ಕಿಲೋಹರ್ಟ್ಸ್ ಕಿವಿಗೆ ಬೀಳುತ್ತದೆ. ಇದಕ್ಕೂ ಬೋರ್ಡ್‌ನ 9 ವೋಲ್ಟ್ ಬಾಗಿಲಲ್ಲೇ 22 ಓಮ್ ಮತ್ತು 100 ಮೈಕ್ರೋಫ್ಯಾರಡ್ ಇದ್ದರೆ ಬಹುಪಾಲು ಪರಿಹಾರ ಸಿಗುತ್ತದೆ. ತಮ್ಮ ಬೋರ್ಡ್‌ನಲ್ಲಿ ಅದಕ್ಕೂ ಜಾಗವಿಲ್ಲ.

ಆದ್ದರಿಂದ ಪತ್ರ ತಲುಪಿದ 15 ದಿನಗಳೊಳಗೆ, ಮೇಲೆ ಹೇಳಿದ ಪಿನ್ 1ರ ಪರೀಕ್ಷೆಯಲ್ಲಿ ಗೆದ್ದ ಮೂರು ಟಿಸಿ1044ಎಸ್ ಚಿಪ್‌ಗಳನ್ನೂ, ಗ್ರೌಂಡ್ ಹಾದಿ ತಿದ್ದಿದ ಮೂರು ಬೋರ್ಡ್‌ಗಳನ್ನೂ ಕಳುಹಿಸಬೇಕು. ಬೋರ್ಡ್ ತಿದ್ದಲು ಸಮಯ ಬೇಕಿದ್ದರೆ ಕಿಟ್‌ಗಳ ಪೂರ್ಣ ಹಣ ಮರಳಿಸಿ. ಕೈಪಿಡಿಯ 12 ವೋಲ್ಟ್ ಸಾಲನ್ನು ಇಂದೇ ತೆಗೆಯಿರಿ, ಅದಕ್ಕೆ 15 ದಿನ ಕಾಯುವಂತಿಲ್ಲ. ಇದೇ ಬ್ಯಾಚಿನ ಕಿಟ್ ಕೊಂಡ ಉಳಿದವರಿಗೂ ಲಿಖಿತವಾಗಿ ತಿಳಿಸಿ. ಅವರಲ್ಲಿ ಎಷ್ಟೋ ಜನ ತಮ್ಮ ಬೆಸುಗೆಯೇ ಕೆಟ್ಟಿದೆ ಎಂದುಕೊಂಡು ಸರಿಯಾದ ಭಾಗಗಳನ್ನು ಕಿತ್ತು ಹಾಕುತ್ತಿರಬಹುದು.

ತಮ್ಮ ಮೊದಲ ಪೊಟ್ಟಣದ ಒಂದು ಚಿಪ್, ಬದಲಿ ಪೊಟ್ಟಣದ ಒಂದು ಚಿಪ್ ಮತ್ತು ಪಿನ್ 2ರ ಅಳತೆಯ ಚಿತ್ರಗಳನ್ನು ಲಗತ್ತಿಸಿದ್ದೇವೆ. ಉಳಿದವು ನಮ್ಮಲ್ಲಿವೆ, ಕೇಳಿದರೆ ಕಳುಹಿಸುತ್ತೇವೆ.

ಇಂತಿ,
ತಮ್ಮ ಕಿಟ್‌ನ ಗ್ರಾಹಕರು